ಹಗ್ಗ ಮುಟ್ಟದ ಸೋಮನಿಂಗ

ಇಂಗಳೇಶ್ವರದ ನಮ್ಮ ಟೋಳಿಯಲ್ಲಿ ಸೋಮನಿಂಗ ಒಬ್ಬನೇ ಹಗ್ಗ ಮುಟ್ಟುತ್ತಿರಲಿಲ್ಲ. ಅವನ ಬಗ್ಗೆ ಯಾರು ಮಾತೆತ್ತಿದರೂ ಇಲ್ಲಿಂದಲೇ ಶುರು ಮಾಡುತ್ತಾರೆ, ಶುರು ಮಾಡಿ ನಗುತ್ತಾರೆ. ನಕ್ಕವರ ಜೊತೆ ನಾನು ಎಷ್ಟೋ ಸಲ ಜಗಳ ತೆಗೆದಿದ್ದೇನೆ. ಜಗಳ ಸಾಕಾಗಿ ಈಗ ಬರೆಯಲು ಕೂತಿದ್ದೇನೆ. ನಾಲ್ಕನೇ ಇಯತ್ತೆಯವರೆಗೆ ಕಲಿತವನ ಬರವಣಿಗೆ, ಹೇಗಿದೆಯೋ ಹಾಗೆ ಓದಿಕೊಳ್ಳಬೇಕು.

ನಮ್ಮದು ಭಾರ ಸಾಗಿಸುವ ಟೋಳಿ. ಬಾವಿಗೆ ಹಾಸುಗಲ್ಲು, ಮಾಳಿಗೆ ಮನೆಗೆ ತೊಲೆ, ಎಣ್ಣೆ ತೆಗೆಯುವ ಗಾಣದ ಕಲ್ಲು, ಹೀಗೆ ಎತ್ತು ಎಳೆಯಲಾರದ, ಗಾಡಿ ಹೊರಲಾರದ ವಸ್ತುಗಳಿದ್ದರೆ ಬಾಗೇವಾಡಿ, ಸಿಂದಗಿ, ಇಂಡಿ ಕಡೆಯವರೆಲ್ಲ ನಮಗೆ ಹೇಳಿ ಕಳಿಸುತ್ತಿದ್ದರು. ಕಲ್ಲಿಗೆ ಹಗ್ಗ ಬಿಗಿದು, ಕೆಳಗೆ ದುಂಡು ಕಟ್ಟಿಗೆ ಇಟ್ಟು ಎಳೆದು ಮುಟ್ಟಿಸುವುದು ನಮ್ಮ ಕೆಲಸ. ಟೋಳಿಯ ಹಿರೇತನ ನನ್ನದು, ಅಂದರೆ ಸಿದ್ದರಾಯನದು. ಹಾರೆಯಿಂದ ಕಲ್ಲಿನ ಅಂಚನ್ನು ಮೀಟಿ ಎತ್ತುವವನೂ ನಾನೇ. ನಾನು ಎತ್ತಿದ ಸಂದಿನಲ್ಲಿ ಬೆಣೆ ಕೊಡುವವನು ಹಣಮಂತ್ರಾಯ. ಅವನ ಕೈ ಹಾವಿನ ನಾಲಿಗೆಯಂತೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಉಳಿದವರು ಹಗ್ಗಕ್ಕೆ. ಸೋಮನಿಂಗ ಕೂಗುವವನು.

ಕೂಗುವುದೆಂದರೆ ಸುಮ್ಮನೆ ಒದರುವುದು ಎಂದು ತಿಳಿದವರಿದ್ದಾರೆ. ಸೋಮನಿಂಗ ಕಲ್ಲಿನ ಮುಂದೆ ಸ್ವಲ್ಪ ಓರೆಗೆ ನಿಲ್ಲುತ್ತಿದ್ದ. ಅಲ್ಲಿಂದ ಹಣಮಂತ್ರಾಯನ ಕೈ ಕಾಣಬೇಕು, ಎಳೆಯುವವರ ಕಾಲುಗಳೂ ಕಾಣಬೇಕು. ಯಾರ ಹಿಮ್ಮಡಿ ಇನ್ನೂ ಊರಿಲ್ಲ, ಯಾರ ಉಸಿರು ಇನ್ನೂ ತುಂಬಿಲ್ಲ, ಎಲ್ಲ ನೋಡುತ್ತಾ ತಡೆಯುತ್ತಿದ್ದ. ಬೆಣೆ ಕೊಟ್ಟ ಕೈ ಹೊರಗೆ ಬಂದದ್ದೇ ತಡ, ಸಣಕಲು ಎದೆಯಿಂದ ಆ ಧ್ವನಿ ಏಳುತ್ತಿತ್ತು.

"ಸಿದ್ದರಾಯಗ ಸಿಟ್ಟ ಬಂತೋ!"

"ಐಸಾ!" ಎಂದು ಎಲ್ಲರೂ ಎಳೆಯುತ್ತಿದ್ದೆವು.

"ಸಿಟ್ಟಿಗಿಂತ ಕಲ್ಲ ಹಗರೋ!"

"ಐಸಾ!"

"ಅಪ್ಪಾಸಾಬನ ಹೊಟ್ಟಿ ನೋಡೋ, ಉಂಡ ರೊಟ್ಟಿ ಎಲ್ಲಿ ಹೋತೋ!"

"ಐಸಾ!"

ಬೈಸಿಕೊಂಡ ಅಪ್ಪಾಸಾಬ ನಗುತ್ತಾ ಎಲ್ಲರಿಗಿಂತ ಹೆಚ್ಚು ಎಳೆಯುತ್ತಿದ್ದ. ಅವನ ಮೈಯಲ್ಲಿ ಅಷ್ಟು ಕಸುವಿದೆ ಎಂದು ಅವನಿಗೇ ಗೊತ್ತಿರುತ್ತಿರಲಿಲ್ಲ.

ಕೂಗುವವನು ಹಗ್ಗ ಹಿಡಿಯಬಾರದು ಎಂಬುದು ನಮ್ಮ ಹಿರಿಯರ ಕಾಲದಿಂದ ಬಂದ ರೀತಿ. ಹಗ್ಗ ಹಿಡಿದವನಿಗೆ ಮುಂದಿನವನ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅದಕ್ಕೇ ಅವನಿಗೆ ಹಗ್ಗವಿಲ್ಲ, ಆದರೆ ಪಾಲು ಎಲ್ಲರ ಸಮ. ಟೋಳಿಯೊಳಗೆ ಯಾರೂ ಅದನ್ನು ಎತ್ತಿ ಆಡಿದ್ದಿಲ್ಲ. ಹೊರಗಿನವರು ಬಿಡಬೇಕಲ್ಲ. ಸೋಮನಿಂಗ ಮದುವೆಯಾದದ್ದು ಹಣಮಂತ್ರಾಯನ ಅಕ್ಕ ಗುಂಡವ್ವನನ್ನು. ಅವರ ತಂದೆ, ಅಂದರೆ ಸೋಮನಿಂಗನ ಮಾವ, ಬೀಗರು ಕೂತ ಪಂಕ್ತಿಯಲ್ಲೇ, "ನಮ್ಮ ಅಳಿಯ ಬಾಯಿಲೇ ಕಲ್ಲ ಎತ್ತತಾನ್ರಿ. ಕೈಗೆ ಬರೇ ಊಟದ ಕೆಲಸ" ಎಂದು ಹೇಳಿ ನಗಿಸುತ್ತಿದ್ದ. ಸೋಮನಿಂಗನೂ ನಗುತ್ತಿದ್ದ. ಆದರೆ ಅವತ್ತು ಅವನು ಎರಡನೇ ರೊಟ್ಟಿ ಹಾಕಿಸಿಕೊಳ್ಳುತ್ತಿರಲಿಲ್ಲ. ಪಕ್ಕದಲ್ಲಿ ಕೂತು ನಾನು ನೋಡಿದ್ದೇನೆ.

ಎಪ್ಪತ್ತನಾಲ್ಕನೇ ಇಸವಿಯ ಬೇಸಿಗೆ. ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ರಸ್ತೆಯಲ್ಲಿ ಒಂದು ಹಳ್ಳಕ್ಕೆ ಸಣ್ಣ ಸೇತುವೆ ಕಟ್ಟುತ್ತಿದ್ದರು. ಮೇಲೆ ಹಾಕುವ ಚಪ್ಪಡಿಗಳನ್ನು ಎಳೆದು ಕೊಡಲು ಗುತ್ತೇದಾರ ನಮ್ಮನ್ನು ಕರೆಸಿದ. ಮೇಲ್ವಿಚಾರಣೆಗೆ ಇದ್ದವನು ಆಗಷ್ಟೇ ಕಾಲೇಜು ಮುಗಿಸಿ ಬಂದ ಹುಡುಗ. ಕೆಟ್ಟವನಲ್ಲ, ನೀರಿನ ಕೊಡ ಖಾಲಿಯಾದರೆ ತಾನೇ ತುಂಬಿಸಲು ಹೇಳುತ್ತಿದ್ದ. ಆದರೆ ಸೋಮನಿಂಗ ಅವನ ಕಣ್ಣಿಗೆ ಬಿದ್ದುಬಿಟ್ಟ.

"ಏನ್ ಸಿದ್ದರಾಯ, ಆ ಸಣಕಲ ಮನಶ್ಯಾ ಯಾರು? ಮುಂಜಾನಿಂದ ನೋಡಾಕತ್ತೇನಿ, ಒಂದ ಸಲಾನೂ ಹಗ್ಗ ಮುಟ್ಟಿಲ್ಲ."

"ಕೂಗಾಂವ್ರಿ ಸಾಹೇಬ್ರ. ಅಂವ ಕೂಗಲಿಲ್ಲಂದ್ರ ಕಲ್ಲ ಸರಿಯೂದಿಲ್ರಿ."

"ಹಂಗಾರ ಇಷ್ಟ ಮಂದೀನ ಯಾಕ ಕರ್ಕೊಂಡ ಬಂದಿ? ಅವನೊಬ್ಬನ್ನ ಕರ್ಕೊಂಡ ಬಂದಿದ್ರ ಸಾಕಿತ್ತಲ್ಲ."

ಸುತ್ತ ಕಲ್ಲು ಕಟ್ಟುತ್ತಿದ್ದ ಗೌಂಡಿಗಳು ನಕ್ಕರು. ಹುಡುಗ ನಗಲಿಲ್ಲ. ತಲೆ ಅಲ್ಲಾಡಿಸಿ, "ಇವನದು ಏನೂ ಎಫರ್ಟ್ ಇಲ್ಲ ಬಿಡು" ಎಂದು ಹೇಳಿ ಹಳ್ಳದ ಆಚೆ ದಂಡೆಗೆ ಹೋದ. ತೆಗೆದುಹಾಕು ಅನ್ನಲಿಲ್ಲ, ಕೂಲಿ ಮುರಿ ಅನ್ನಲಿಲ್ಲ. ಒಂದು ಮಾತು ಅಂದು ಹೋದ, ಅಷ್ಟೇ.

ನಾನು ಹಾರೆ ಎತ್ತಿಕೊಂಡು ಹಿಂದೆಯೇ ಹೊರಟೆ. ಸೋಮನಿಂಗ ನನ್ನ ಅಂಗಿ ಹಿಡಿದು ಜಗ್ಗಿದ.

"ಸಿದ್ದ್ಯಾ, ಬಿಡೋ. ಆ ಎಫರ್ಟ ಅಂದ್ರ ಏನು?"

ಪಕ್ಕದಲ್ಲಿ ಗುತ್ತೇದಾರನ ಮುಕಾದಮ, ಅಂದರೆ ಆಳುಗಳ ಮೇಸ್ತ್ರಿ, ನಿಂತಿದ್ದ. ನಾಲ್ಕು ಇಂಗ್ಲಿಷ್ ಮಾತು ಬಲ್ಲವನು. "ಎಫರ್ಟ್ ಅಂದ್ರ ಶ್ರಮ. ಮೈ ಮುರದ ಮಾಡೂ ಕಸರತ್ತು. ನಿಂದು ಅದಿಲ್ಲ ಅಂದ್ರು ಸಾಹೇಬ್ರು" ಎಂದ.

ಸೋಮನಿಂಗ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಸೊಂಟಕ್ಕೆ ಕಟ್ಟಿದ. ಮುಂದಿನ ಚಪ್ಪಡಿಗೆ ಹಗ್ಗ ಬಿಗಿದಾಗ ಅವನು ಹೋಗಿ ಹಗ್ಗದ ನಡುವೆ ನಿಂತುಬಿಟ್ಟ.

"ಏ ಸೋಮ್ಯಾ, ತಲಿ ಕೆಟ್ಟೈತೇನ? ಹೊರಗ ಬಾ!" ಎಂದು ನಾನು ಕೂಗಾಡಿದೆ.

"ಇಲ್ಲಿಂದನ ಕೂಗ್ತೇನಿ. ಬಾಯಿಗೇನ ಹಗ್ಗ ಅಡ್ಡ ಬರತೈತೇನು?"

"ಕಣ್ಣಿಗೆ ಅಡ್ಡ ಬರತೈತಲೇ ಮಗನ!"

"ಒಂದ ಕಲ್ಲ. ಒಂದ ಕಲ್ಲ ಎಳೀತೇನಿ, ಸಿದ್ದ್ಯಾ. ಆಮ್ಯಾಲ ನಿನ್ನ ಮಾತ ಕೇಳ್ತೇನಿ."

ಹಣಮಂತ್ರಾಯ ಅಕ್ಕನ ಗಂಡನನ್ನು ಮಾವ ಎಂದೇ ಕರೆಯುವವನು. ಕಲ್ಲಿನ ಬಳಿ ಕೂತಲ್ಲಿಂದಲೇ, "ಮಾವಗ ಹುರುಪ ಬಂದೈತಿ, ಎಳೀಲಿ ಬಿಡ್ರಿ. ನಾಳೆ ಮೈ ನೋವಂತ ನಮ್ಮಕ್ಕನ ಕಡೆ ಎಣ್ಣಿ ತಿಕ್ಕಿಸ್ಕೋತಾನ" ಎಂದ. ಎಲ್ಲರೂ ನಕ್ಕರು. ಆ ನಗೆಯಲ್ಲೇ ನಾನು ಹಾರೆ ಹಾಕಿದೆ. ಹಣಮಂತ್ರಾಯ ಬೆಣೆ ಹಿಡಿದು ಕೈ ಒಳಗೆ ಹಾಕಿದ. ಬೆಣೆ ಒಮ್ಮೆಗೆ ಕೂರಲಿಲ್ಲ, ಸಣ್ಣ ಹರಳು ಅಡ್ಡ ಬಂದಿತ್ತು. ಅವನು ಅದನ್ನು ಬೆರಳಿನಿಂದ ಕೆದರಿ ತೆಗೆಯುತ್ತಿದ್ದ. ಸೋಮನಿಂಗನಿಗೆ ಅದು ಕಾಣುವಂತಿರಲಿಲ್ಲ. ಎದುರಿಗಿದ್ದದ್ದು ಅಪ್ಪಾಸಾಬನ ಬೆನ್ನು. ದಿನಾ ಬೆಣೆಗೆ ಹಿಡಿಯುವಷ್ಟೇ ಹೊತ್ತು ತಡೆದು ಅವನು ಕೂಗಿದ.

ಎಲ್ಲರೂ "ಐಸಾ!" ಎಂದರು. ನಾನು "ತಡೀರೋ!" ಎಂದು ಚೀರಿದ್ದು ಅದರೊಳಗೆ ಮುಳುಗಿತು. ಚಪ್ಪಡಿ ಮುಂದಕ್ಕೆ ಜಾರಿ ಕೆಳಗೆ ಕೂತಿತು.

ಹಣಮಂತ್ರಾಯನ ಬಲಗೈ ಮತ್ತೆ ಕೈಯಾಗಲಿಲ್ಲ. ವಿಜಾಪುರದ ದವಾಖಾನೆಯಲ್ಲಿ ಹೆಬ್ಬೆರಳೊಂದನ್ನು ಉಳಿಸಿ ಉಳಿದ ಬೆರಳು ತೆಗೆದರು. ಡಾಕ್ಟರರು ಮಾಡುವಷ್ಟೆಲ್ಲ ಮಾಡಿದರು, ಅವರ ಬಗ್ಗೆ ನನ್ನ ತಕರಾರಿಲ್ಲ.

ದವಾಖಾನೆಯ ಪಡಸಾಲೆಯಲ್ಲಿ ಗುಂಡವ್ವ ಗಂಡನ ಎದುರು ನಿಂತು ಕೇಳಿದಳು. ಆಕೆ ಅಳುತ್ತಿರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ಹಗ್ಗ ಹಿಡೀರಿ ಅಂತ ನಿಮಗ ಯಾರ ಹೇಳಿದ್ರು?"

"ಯಾರೂ ಹೇಳಲಿಲ್ಲ."

"ಹಿಡೀಲಿಲ್ಲಂದ್ರ ಯಾರರ ಹೊಡೀತಿದ್ರೇನು?"

"ಇಲ್ಲ."

"ಮತ್ಯಾಕ ಹಿಡದ್ರಿ?"

ಸೋಮನಿಂಗ ಸೊಂಟದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ. ಆವತ್ತಿನಿಂದ ಗುಂಡವ್ವ ಅವನಿಗೆ ತಾಟು ಇಟ್ಟು ಹೋಗುತ್ತಿದ್ದಳೇ ಹೊರತು ಎದುರಿಗೆ ಕೂತು ಬಡಿಸಲಿಲ್ಲ.

ಅವನು ಕೂಗುವುದನ್ನು ಬಿಟ್ಟ. ಬಿಟ್ಟದ್ದಷ್ಟೇ ಅಲ್ಲ, ಊರನ್ನೇ ಬಿಟ್ಟು ಸಿಂದಗಿ ಕಡೆ ರಸ್ತೆ ಕೆಲಸಕ್ಕೆ ಹೋಗಿ ಜಲ್ಲಿ ಒಡೆಯತೊಡಗಿದ. ಇತ್ತ ನಾವು ಅಪ್ಪಾಸಾಬನನ್ನು ಕೂಗಲು ನಿಲ್ಲಿಸಿದೆವು. ಅವನು ತಾನೇ ಕೂಗಿ ತಾನೇ ನಗುತ್ತಿದ್ದ. ಒಬ್ಬರು ಮುಂಚೆ, ಒಬ್ಬರು ತಡವಾಗಿ ಎಳೆದು ಹಗ್ಗ ಹರಿದದ್ದಾಯಿತು, ಕಲ್ಲು ಮಾತ್ರ ಇದ್ದಲ್ಲೇ ಇತ್ತು. ನಾನು ಎಲ್ಲರನ್ನೂ ಬೈದೆ. ಬೈದರೆ ಕಲ್ಲು ಸರಿಯುವ ಹಾಗಿದ್ದರೆ ನನ್ನೊಬ್ಬನಿಂದಲೇ ಈ ತಾಲೂಕಿನ ಗುಡ್ಡಗಳೆಲ್ಲ ಸರಿಯಬೇಕಿತ್ತು.

ಇದಕ್ಕಿಂತ ದೊಡ್ಡ ಚಿಂತೆ ಹಣಮಂತ್ರಾಯನದು. ಗಾಯ ಮಾಯ್ದು ಮನೆಯಲ್ಲಿ ಕೂತಿದ್ದ. ಸುಗ್ಗಿಯಲ್ಲಿ ಒಬ್ಬ ಗೌಡರ ಕಣಕ್ಕೆ ಉರುಳುಗಲ್ಲು ಹೇಗೋ ಉರುಳಿಸಿ ಸಾಗಿಸಿದ್ದಕ್ಕೆ ನಮಗೆ ಜೋಳ ಸಿಕ್ಕಿತು. ಟೋಳಿಯವರೆಲ್ಲ ಒಪ್ಪಿ ಅವನ ಪಾಲನ್ನೂ ತೆಗೆದು ಚೀಲ ಅವನ ಬಾಗಿಲಿಗೆ ಮುಟ್ಟಿಸಿದೆವು. ಅವನು ಎಡಗೈಯಿಂದ ಚೀಲ ಎಳೆದು ತಂದು ಓಣಿಯ ನಡುವೆ ಬಿಟ್ಟ.

"ಸಿದ್ದರಾಯಣ್ಣಾ, ನಾ ಏನ ಮಾಡೇನಂತ ಇದು? ಕುಂತಾವಗ ಕೂಳ ಹಾಕಾಕ ನಾ ಏನ ನಿಮ್ಮ ಮುದಿ ಎತ್ತೇನು?"

ನನಗೂ ಸಿಟ್ಟು ಬಂತು. "ತಿನ್ನಲೇ ಸುಮ್ಮನ, ಹೆಂಡ್ರ ಮಕ್ಕಳು ಅದಾವು" ಎಂದೆ. ಅವನು ಬಾಗಿಲು ಹಾಕಿಕೊಂಡ. ಚೀಲ ಬಿಸಿಲಿನಲ್ಲಿ ಬಿದ್ದಿತ್ತು, ಕೋಳಿಗಳು ಕುಕ್ಕತೊಡಗಿದವು. ಕೊನೆಗೆ ಗುಂಡವ್ವ ಬಂದು ಹೊತ್ತುಕೊಂಡು ಹೋದಳು. ಹೋಗುವಾಗ ನನ್ನ ಕಡೆ ತಿರುಗಿ, "ನಮ್ಮ ಮನಿಯವರನ್ನ ಕರ್ಕೊಂಡ ಬರ್ರಿ ಅಣ್ಣಾ. ತಮ್ಮನ ಕೈ ಕಳದವರು ಅವರು. ಇದಕ್ಕ ದಾರಿ ಹುಡಕಾಂವರೂ ಅವರ ಆಗಲಿ" ಎಂದಳು.

ಮರುದಿನ ನಾನು ಸಿಂದಗಿ ಬಸ್ಸು ಹತ್ತಿದೆ. ರಸ್ತೆ ಬದಿಯಲ್ಲಿ ರಣರಣ ಬಿಸಿಲಿನಲ್ಲಿ ಸೋಮನಿಂಗ ಕೂತು ಕಲ್ಲು ಒಡೆಯುತ್ತಿದ್ದ. ಅಂಗೈ ತುಂಬ ಬೊಬ್ಬೆ. ಅವನು ಒಡೆದ ರಾಶಿ ಪಕ್ಕದ ಮುದುಕಿ ಒಡೆದ ರಾಶಿಯ ಅರ್ಧವೂ ಇರಲಿಲ್ಲ.

"ಎದ್ದ ಬಾ" ಎಂದೆ. ಚೀಲದ ಕತೆ ಹೇಳಿದೆ.

ಅವನು ಸುತ್ತಿಗೆ ಕೆಳಗಿಟ್ಟ. "ಅಂವಾ ತಗೋಳೂದಿಲ್ಲ ಬಿಡು. ನಾನೂ ತಗೋತಿದ್ದಿಲ್ಲ. ಸಿದ್ದ್ಯಾ, ನಂಗ ಒಂದ ಹೇಳು. ಇಷ್ಟ ವರ್ಸ ನಾ ತಗೊಂಡ ಪಾಲೂ ಅಂಥಾದ್ದ ಏನು?"

"ಹುಚ್ಚಗಿಚ್ಚ ಹಿಡದೈತೇನ ನಿನಗ?"

"ಆ ಹುಡುಗಾ ಅಂದ ಮಾತಿನ ಬುಡಾ ಏನು, ಯಾರರೆ ತಿಳದವ್ರನ ಕೇಳಬೇಕು. ಮುಕಾದಮ ಹೇಳಿದ್ದು ಖರೇ ಇದ್ರ ನಾ ಇಲ್ಲೇ ಕಲ್ಲ ಒಡೀತೇನಿ. ಕನ್ನಡ್ಯಾಗ ನನ್ನ ಮೋತಿ ನಾನ ನೋಡ್ಕೊಳ್ಳಾಕ ಬರಬೇಕಲ್ಲೋ."

ಒಂದು ಇಂಗ್ಲಿಷ್ ಮಾತಿಗಾಗಿ ಒಬ್ಬ ಮನುಷ್ಯ ಬಿಸಿಲಿನಲ್ಲಿ ಕೂತು ಸಾಯುವುದು ನನಗೆ ಅರ್ಥವಾಗಲಿಲ್ಲ. ಈಗಲೂ ಪೂರ್ತಿ ಆಗಿಲ್ಲ. ಆದರೆ ಅವನು ಏಳುವುದಾದರೆ ಅದಕ್ಕಾಗಿಯೇ ಏಳುತ್ತಾನೆ ಎಂದು ತಿಳಿಯಿತು. ಇಂಡಿಯಲ್ಲಿ ಬಸಂತರಾಯ ಮಾಸ್ತರರು ಇದ್ದರು, ಹೈಸ್ಕೂಲಿಗೆ ಇಂಗ್ಲಿಷ್ ಕಲಿಸುವವರು, ಬೌದ್ಧ ಮನೆತನ. ಅವರ ಓಣಿಯ ಬಾವಿಗೆ ಹಾಸುಗಲ್ಲು ಎಳೆದುಕೊಟ್ಟವರು ನಾವೇ. ಬೇರೆ ಟೋಳಿಯವರು ಆ ಓಣಿಗೆ ಬರುವುದಿಲ್ಲ ಎಂದಾಗ ನಾನು ಸಿಟ್ಟಿಗೆದ್ದು ಹೋಗಿದ್ದೆ. ಇಬ್ಬರೂ ಅವರ ಮನೆಗೆ ಹೋದೆವು.

ಮಾಸ್ತರರು ನಗಲಿಲ್ಲ. ಅವರ ಮನೆಯವರು ಕಾಶಿಬಾಯಿ ಚಹಾ ತಂದುಕೊಟ್ಟರು. ಮಾಸ್ತರರು ಒಂದು ದಪ್ಪ ಶಬ್ದಕೋಶ ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ನೋಡು ಸೋಮನಿಂಗ, ಶ್ರಮ ಅಂತ ಹೇಳಿದ್ದು ತಪ್ಪಲ್ಲ. ಆದ್ರ ನೀ ಕೇಳಾಕತ್ತಿದ್ದು ಬುಡದ ಮಾತು. ಇದು ಇಂಗ್ಲಿಷರ ಸ್ವಂತ ಶಬ್ದ ಅಲ್ಲ. ಫ್ರೆಂಚ್ ಮಂದಿ ಕಡಿಂದ ತಗೊಂಡಾರ. ಫ್ರೆಂಚರಿಗೆ ಲ್ಯಾಟಿನ್ ಅಂತ ಹಳೇ ಭಾಷಾದಿಂದ ಬಂದೈತಿ."

"ಕೈಗಡ ತಂದ ಮಾತಿನಿಂದ ನಮ್ಮಾಂವನ ಕೈ ಹೋತೇನ್ರಿ?" ಎಂದೆ ನಾನು.

"ನೀ ಸುಮ್ಮನಿರು ಸಿದ್ದರಾಯ. ಆ ಭಾಷಾದಾಗ ಇದರ ಬುಡದಾಗ ಎರಡ ಮಾತು ಕೂಡ್ಯಾವು. ಎಕ್ಸ್ ಅಂದ್ರ ಹೊರಗ. ಫೋರ್ಟಿಸ್ ಅಂದ್ರ ಬಲ ಇದ್ದಾಂವ, ಗಟ್ಟಿಮುಟ್ಟಾದಾಂವ. ಎರಡೂ ಕೂಡಿದ್ರ, ಒಳಗಿನ ಬಲ ಹೊರಗ ತರೂದು."

ಸೋಮನಿಂಗ ಚಹಾದ ಬಸಿ ಕೆಳಗಿಟ್ಟ. "ಯಾರ ಬಲಾರಿ?"

"ಅಂದ್ರ?"

"ಒಳಗಿನ ಬಲ ಹೊರಗ ತರೂದು ಅಂದ್ರಿ. ತನ್ನ ಒಳಗಿಂದೊ, ಮಂದಿ ಒಳಗಿಂದೊ?"

ಮಾಸ್ತರರು ಮತ್ತೆ ಪುಸ್ತಕ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಬಳಕಿಯೊಳಗ ತನ್ನದ ಅಂತನ ತಿಳೀತಾರ, ಸುಳ್ಳ ಹೇಳೂದಿಲ್ಲ. ಬುಡದ ಮಾತಿನೊಳಗ ಮಾತ್ರ ಯಾರದು ಅಂತ ಇಲ್ಲ. ಅದನ್ನ ಶಬ್ದ ಹೇಳವಲ್ದು ತಮ್ಮಾ."

ಇಷ್ಟು ಕೇಳಲು ಬಸ್ಸು ಬದಲಾಯಿಸಿ ಬರಬೇಕಾಗಿತ್ತೇ ಎಂದು ನನ್ನ ಮೈ ಉರಿಯಿತು. ಸೋಮನಿಂಗ ಕೈಮುಗಿದು ಎದ್ದ. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತವನು ಸಿಂದಗಿ ದಾಟಿದ ಮೇಲೆ ಬಾಯಿ ಬಿಟ್ಟ.

"ಸಿದ್ದ್ಯಾ, ಹಣಮಂತ್ರಾಯಗ ಕೂಗಾಕ ಹಚ್ಚೂಣು."

"ಅವನ ಗಂಟಲ ಒಡದ ಗಡಿಗಿ ಇದ್ದಂಗೈತಲ್ಲೋ."

"ಬೆಣಿ ಕೊಟ್ಟಾಂವಗ ಕಲ್ಲಿನ ಗುಣಾ ಗೊತ್ತಿರತೈತಿ. ಧ್ವನಿ ನಾ ಕಲಸ್ತೇನಿ. ಕೂಗಾಕ ಬೆರಳ ಬೇಕಿಲ್ಲ. ಪಾಲ ಸಮ ಬರತೈತಿ."

"ನೀ?"

"ಅಪ್ಪಾಸಾಬ ಬೆಣಿಗೆ ಕುಂತ್ರ ಹಗ್ಗಕ್ಕ ಒಬ್ಬಾಂವ ಕಮ್ಮಿ ಬೀಳ್ತಾನಲ್ಲ."

ಸೋಮನಿಂಗ ಹಣಮಂತ್ರಾಯನ ಬಾಗಿಲಲ್ಲಿ ಹೋಗಿ ನಿಂತಾಗ ನಾನು ಜೊತೆಗಿದ್ದೆ. ಹೊಡೆದಾಟವಾದರೆ ಬಿಡಿಸಲು ಬೇಕು ಎಂದು ಹೋಗಿದ್ದೆ. ಹೇಳಿದ್ದನ್ನೆಲ್ಲ ಕೇಳಿ ಹಣಮಂತ್ರಾಯ ಕಟ್ಟೆಯಿಂದ ಏಳಲೂ ಇಲ್ಲ.

"ಬಾಯಿ ಬಡ್ಕೊಂಡು ಉಣ್ಣೂದು ನಿನಗ ನಾಚಿಕಿ ಅನಸ್ತು, ಬಿಟ್ಟಿ. ನೀ ಬಿಟ್ಟ ಎಂಜಲಾ ನನಗ ನೀಡಾಕ ಬಂದಿಯೇನು ಮಾವಾ?"

ಸೋಮನಿಂಗನ ಮುಖ ಕಪ್ಪಿಟ್ಟಿತು. ಆದರೂ ನಿಂತ.

"ಅದು ಎಂಜಲ ಅಲ್ಲ. ಅದು ಕೆಲಸಾನ ಅಲ್ಲ ಅಂತ ಮಂದಿ ಅಂದದ್ದು ನಾ ನಂಬಿದ್ನಿ. ನಂಬಿ ಹಗ್ಗ ಹಿಡದ್ನಿ. ನಿನ್ನ ಕೈ ಹೋದದ್ದು ನಾ ಕೂಗಿದ್ದಕ್ಕಲ್ಲ ಹಣಮಂತ್ರಾಯ. ನಿಂತ ನೋಡೂ ಕೆಲಸಾ ಬಿಟ್ಟ ಹೋದದ್ದಕ್ಕ. ಕೂಗೂದು ಕೆಲಸಲ್ಲಂತ ನೀನೂ ಅಂದ್ರ, ನಿನ್ನ ಕೈ ಯಾತಕ್ಕ ಹೋತು ಹೇಳು."

ಹಣಮಂತ್ರಾಯ ಎದ್ದು ಒಳಗೆ ಹೋದ. ಸೋಮನಿಂಗ ಮಾತ್ರ ದಿನವೂ ಸಂಜೆ ಮುಂದೆ ಅವನ ಮನೆಯ ಹಿತ್ತಿಲಿಗೆ ಹೋಗಿ ಬೇಲಿಯ ಈಚೆ ನಿಂತು ಒಬ್ಬನೇ ಕೂಗುತ್ತಿದ್ದ. ಒಂದು ಸಾಲು ಕೂಗುವುದು, ನಿಲ್ಲಿಸಿ ಉಸಿರು ಎಲ್ಲಿ ತೆಗೆದುಕೊಂಡೆ ಎಂದು ಹೇಳುವುದು, ಮತ್ತೆ ಕೂಗುವುದು. ಓಣಿಯವರು ಅವನಿಗೆ ತಲೆ ಕೆಟ್ಟಿದೆ ಅಂದರು. ಕೆಲವು ದಿನವಾದ ಮೇಲೆ ಬೇಲಿಯ ಆಚೆಯಿಂದ ಒಂದು ಒಡೆದ ಧ್ವನಿ ಕೇಳಿಸಿತು.

ಲಚ್ಯಾಣದಲ್ಲಿ ಒಬ್ಬರ ಹೊಲದ ಬಾವಿಗೆ ದನ ನೀರು ಕುಡಿಯುವ ಕಲ್ಲಿನ ದೋಣಿ ಸಾಗಿಸುವುದಿತ್ತು. ಒಂದೇ ಕಲ್ಲಿನಲ್ಲಿ ಕೊರೆದದ್ದು. ಹಣಮಂತ್ರಾಯ ಬಂದ. ಬಲಗೈಯನ್ನು ಅಂಗಿಯೊಳಗೆ ಹಾಕಿಕೊಂಡು ಮುಂದೆ ಓರೆಗೆ ನಿಂತ. ಬೆಣೆಗೆ ಅಪ್ಪಾಸಾಬ. ಹಗ್ಗದ ಬಾಲದಲ್ಲಿ ಸೋಮನಿಂಗ. ಬುತ್ತಿ ತಂದ ಗುಂಡವ್ವ ಬೇವಿನ ಗಿಡದ ಕೆಳಗೆ ಕೂತಿದ್ದಳು.

ಮೊದಲ ಕೂಗು ತಡವಾಗಿ ಬಂತು. ಅಪ್ಪಾಸಾಬನ ಕೈ ಹೊರಗೆ ಬಂದು, ಎಲ್ಲರ ಉಸಿರು ತುಂಬಿ, ತುಂಬಿದ್ದು ಸೋರಿಹೋದ ಮೇಲೆ ಹಣಮಂತ್ರಾಯ ಕೂಗಿದ. ಹೆದರಿದ್ದ ಅವನು, ಅಪ್ಪಾಸಾಬನ ಕೈ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ದೋಣಿ ಅಲುಗಲಿಲ್ಲ. ಎರಡನೆಯದೂ ಹಾಗೇ. ಹಗ್ಗ ಹಿಡಿದವರೆಲ್ಲ ಹಿಂತಿರುಗಿ ಸೋಮನಿಂಗನನ್ನು ನೋಡಿದರು. ಯಾವಾಗ ಕೂಗಬೇಕು ಎಂದು ಅವನಿಗೆ ಗೊತ್ತಿತ್ತು, ಅವನ ಕತ್ತಿನ ನರ ಉಬ್ಬಿದ್ದು ನನಗೆ ಹಾರೆಯ ಬಳಿಯಿಂದಲೇ ಕಾಣುತ್ತಿತ್ತು. ಅವನು ತಲೆ ತಗ್ಗಿಸಿ ನೆಲ ನೋಡಿದ.

"ಏ ಸೋಮ್ಯಾ..." ಎಂದು ನಾನು ಶುರು ಮಾಡಿದೆ. ಅವನು ಕಣ್ಣು ಬಿಟ್ಟು ನೋಡಿದ ರೀತಿಗೆ ನನ್ನ ಬಾಯಿ ಮುಚ್ಚಿತು. ಅಂಥ ಸಿಟ್ಟು ನಾನು ಅವನಲ್ಲಿ ಕಂಡಿರಲಿಲ್ಲ.

"ನನ್ನ ಕಡೆ ನೋಡ್ರಿ!" ಹಣಮಂತ್ರಾಯ ಮುಂದಿನಿಂದ ಗದರಿದ. "ಅಲ್ಲೇನ ನೋಡ್ತೀರಿ? ಕೂಗಾಂವ ಇಲ್ಲಿ ಅದಾನ!"

ಮತ್ತೆ ಹಾರೆ ಹಾಕಿದೆ. ಬೆಣೆ ಹೋಯಿತು, ಕೈ ಬಂತು.

"ಮಳ್ಳ ಮಂದಿ ಕೂಡೇರೋ!"

"ಐಸಾ!"

"ಮಾರಿ ಹಿಂದಕ ತಿರುವ್ಯಾರೋ!"

"ಐಸಾ!"

ದೋಣಿ ಒಂದು ಗೇಣು ಸರಿಯಿತು. ಯಾರೂ ನಗಲಿಲ್ಲ.

ಬಿಸಿಲು ನೆತ್ತಿಗೇರಿದಾಗ ಊಟಕ್ಕೆ ಕೂತೆವು. ಗುಂಡವ್ವ ಮೊದಲು ತಮ್ಮನ ಮುಂದೆ ಕೂತು ಖಡಕ್ ರೊಟ್ಟಿ ಮುರಿದು ಪುಡಿ ಮಾಡಿ ಪಲ್ಯದಲ್ಲಿ ಕಲಸಿ ಎಡಗೈಗೆ ಕೊಟ್ಟಳು. ಆಮೇಲೆ ಗಂಡನ ಹತ್ತಿರ ಬಂದಳು. ಅವನು ಕೆಂಪು ಖಾರ ಹಚ್ಚಿದ ತುತ್ತು ಬಾಯಿಗಿಟ್ಟು ಮುಖ ಕಿವುಚಿದ. ಕೆಳತುಟಿಯ ಒಳಗೆ ಹಲ್ಲು ನಾಟಿ ರಕ್ತ ಬಂದಿತ್ತು.

"ಏನಾತು?"

"ಏನಿಲ್ಲ. ಎಳಿಯೂವಾಗ ಹಲ್ಲ ತಾಗೇತಿ."

ಗುಂಡವ್ವ ಖಾರವನ್ನು ಅವನ ತಾಟಿನಿಂದ ತೆಗೆದಳು. ಮೊಸರಿನ ಗಡಿಗೆ ತಂದು ಎದುರಿಗೆ ಕೂತು ನೀಡಿದಳು. ಮಾತು ಮಾತ್ರ ಆಡಲಿಲ್ಲ. ಹಣಮಂತ್ರಾಯನೂ ಈ ಕಡೆ ತಿರುಗಿ ನೋಡಲಿಲ್ಲ. ಕೆಲಸ ಬಿಟ್ಟು ಬೇರೆ ಹೊತ್ತಿನಲ್ಲಿ ಅವನು ಭಾವನ ಜೊತೆ ಇಂದಿಗೂ ಮಾತಾಡುವುದಿಲ್ಲ. ಆಡೆಂದು ಹೇಳುವ ಧೈರ್ಯ ನನಗೂ ಇಲ್ಲ.

ದೋಣಿ ಇನ್ನೂ ಬಾವಿಯವರೆಗೆ ಹೋಗಬೇಕಿತ್ತು. ಹಣಮಂತ್ರಾಯ ಎಲ್ಲರಿಗಿಂತ ಮೊದಲು ಎದ್ದು ತನ್ನ ಜಾಗದಲ್ಲಿ ನಿಂತು ನಮ್ಮ ಕಾಲುಗಳನ್ನು ನೋಡತೊಡಗಿದ. ಸೋಮನಿಂಗ ಬಾಯಿ ಮುಕ್ಕಳಿಸಿ ಉಗುಳಿ ಹೋಗಿ ಹಗ್ಗ ಹಿಡಿದ.